ಕೊಸರು ತೋರಿಸುವ ತಕ್ಕಡಿ

ಕ್ಯಾಸೆಟ್
ಗುರುವಾಯನಕೆರೆ, 14 ಅಕ್ಟೋಬರ್ 2000

…ಅಲ್ಲ, ಅದು ಸರಿಯಾಗಲಿಲ್ಲ ಉನೈಸ್. ಪುನಃ ಮೊದಲಿಂದ ಹೇಳ್ತೇನೆ, ಬೇಜಾರು ಮಾಡಬೇಡ. ಮೊದಲು ಮಾತಾಡಿದ್ದನ್ನು ಹಾಕಿ ಕೇಳಿದರೆ ನನ್ನ ಸ್ವರಕ್ಕಿಂತ ಮೂಡಬಿದ್ರೆ ಬಸ್ಸಿನ ಹಾರ್ನೇ ಜೋರು. ನೀನು ಅರಬಿಗಳ ದೇಶದಲ್ಲಿ, ದಮಾಮಿನ ರೂಮಿನಲ್ಲಿ ಕೂತು ಹಾರ್ನ್ ಕೇಳುವುದು ಬೇಡ ಅಂತ ಅದರ ಮೇಲೆಯೇ ಈಗ ಮಾತಾಡ್ತಾ ಇದ್ದೇನೆ. ಅಂಗಡಿಯ ಬಾಗಿಲು ಅರ್ಧ ಎಳೆದಿದ್ದೇನೆ. ನಿನ್ನ ಅತ್ತಿಗೆ ಸೈನಬ ಆಗಲೇ ಕೇಳಿಯಾಯಿತು, "ಪತ್ರ ಬರೆದರೆ ಒಂದು ಹಾಳೆಯಲ್ಲಿ ಮುಗಿಯುವುದನ್ನು ನೀವು ಎರಡೂ ಬದಿ ಮಾತಾಡ್ತೀರಲ್ಲ" ಅಂತ. ಐವತ್ತು ವರ್ಷದ ಬಾಯಿ, ಈಗ ಹೇಗೆ ಚಿಕ್ಕದು ಮಾಡುವುದು?

ವಿಷಯಕ್ಕೆ ಬರ್ತೇನೆ. ಕಳೆದ ಸಲ ರಜೆ ಮುಗಿಸಿ ಹೊರಡುವಾಗ ನೀನು ಜೀಪಿನ ಹತ್ತಿರ ನಿಂತು ಒಂದು ಮಾತು ಹೇಳಿದೆ. "ಇಲ್ಲಿ ನನಗೆ ಏನುಂಟು ಕಾಕ?" ಅಂತ. ನಿನ್ನ ಹೆಂಡತಿ ಜಸೀಲಾ ಬದಿಯಲ್ಲೇ ಇದ್ದಳು, ಮಗಳು ಆಫ್ರಾ ಅವಳ ಸೊಂಟದಲ್ಲಿ. ನಿನ್ನ ಈ ಅಣ್ಣ ಜೀವಮಾನದಲ್ಲಿ ಬಾಯಿ ಮುಚ್ಚಿ ನಿಂತದ್ದು ಅದೊಂದೇ ಸಲ ಇರಬೇಕು. ಹೇಳುವುದಕ್ಕೆ ಏನಿತ್ತು? ನಮ್ಮಿಬ್ಬರನ್ನು ಹುಟ್ಟಿಸಿ ಸಾಕಿದ ಉಪ್ಪನ ಕಾಲದ ತಕ್ಕಡಿ ಅಂಗಡಿ. ತಕ್ಕಡಿಯ ಮುಳ್ಳು ನೇರ ಮಾಡುವುದು, ಸವೆದ ಕಬ್ಬಿಣದ ತೂಕಕ್ಕೆ ಸೀಸ ಹಾಕುವುದು, ವರ್ಷಕ್ಕೊಮ್ಮೆ ಸರಕಾರದ ಸೀಲಿಗೆ ಕೊಂಡು ಹೋಗುವುದು. ಒಂದು ಮನೆಗೆ ಸಾಕು, ಎರಡು ಮನೆಗೆ ಸಾಲದು.

ಈಗ ಹೇಳುವುದಕ್ಕೆ ಉಂಟು. ಮಂಗಳೂರಿನ ಡೀಲರ್ ನನಗೆ ಎಲೆಕ್ಟ್ರಾನಿಕ್ ತಕ್ಕಡಿಯ ಏಜೆನ್ಸಿ ಕೊಟ್ಟಿದ್ದಾನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಮೂರೂ ಕಡೆಗೆ ನಾನೇ! ಕಬ್ಬಿಣದ ಮಂಚದ ಹಾಗೆ ಒಂದು ಹಲಗೆ, ಅದರ ಮೇಲೆ ಗೋಣಿ ಇಟ್ಟರೆ ಆಯಿತು, ಕೆಂಪು ಅಂಕಿ ಬರ್ತದೆ. ಅಡಿಕೆ, ಕಾಳುಮೆಣಸು, ಕೊಕ್ಕೋ, ಗೇರುಬೀಜ, ನಮ್ಮಲ್ಲಿ ತೂಕ ಮಾಡದೆ ಮಾರುವ ವಸ್ತು ಯಾವುದುಂಟು ಹೇಳು. ಡೀಲರ್ ಒಂದು ಮಾತು ಹೇಳಿದ್ದಾನೆ, ಬರುವ ಮಳೆಗಾಲದ ಒಳಗೆ ಈ ಕಡೆ ಸಾಮಾನು ಓಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡ್ತೇನೆ ಅಂತ. ಓಡ್ತದೆ ಮಾರಾಯ. ಓಡಿತು ಅಂತಾದರೆ ಅಂಗಡಿ ಎರಡು ಮನೆಯನ್ನೂ ಹೊರುತ್ತದೆ, ನೀನು ಅಲ್ಲಿಂದ ಬರಬಹುದು. ನಿನಗೆ ಇಲ್ಲಿ ಜಾಗ ಉಂಟು.

ಮೊದಲನೆಯದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಅಡಿಕೆ ವ್ಯಾಪಾರಿ ನಿಝಾಮುದ್ದೀನನ ಅಂಗಡಿಯಲ್ಲಿ ಇಟ್ಟಿದ್ದೇನೆ. "ರವೂಫಾಕ, ಸರಿ ಬಂದರೆ ಇಟ್ಟುಕೊಳ್ತೇನೆ. ಇಲ್ಲದಿದ್ದರೆ ಹೊತ್ತುಕೊಂಡು ಹೋಗಬೇಕು, ನೀವೇ. ನನ್ನ ಆಳು ಮುಟ್ಟುವುದಿಲ್ಲ" ಅಂದ. ಉಳಿದ ವ್ಯಾಪಾರಿಗಳೆಲ್ಲ ಅವನ ಅಂಗಡಿಯನ್ನೇ ನೋಡ್ತಾ ಇದ್ದಾರೆ. ಅಲ್ಲಿ ನಿಂತರೆ ಎಲ್ಲ ಕಡೆ ನಿಲ್ತದೆ.

ಕ್ಯಾಸೆಟ್ ನಾಳೆ ಫರಂಗಿಪೇಟೆಯಿಂದ ಹೊರಡುವವರ ಕೈಯಲ್ಲಿ ಕಳಿಸ್ತೇನೆ. ಹುಷಾರು.

ನಿನ್ನ ಕಾಕ,
ರವೂಫ್

ದಮಾಮ್, 20 ನವೆಂಬರ್ 2000

ಪ್ರೀತಿಯ ಕಾಕನಿಗೆ ಸಲಾಂ.

ಕ್ಯಾಸೆಟ್ ಸಿಕ್ಕಿತು. ಎಲ್ಲ ಕೇಳಿದೆ. ಏಜೆನ್ಸಿ ಸಿಕ್ಕಿದ್ದು ಒಳ್ಳೆಯದಾಯಿತು. ಇಲ್ಲಿ ಕೆಲಸ ಇದ್ದ ಹಾಗೆಯೇ ಉಂಟು, ಟಿವಿ ರಿಪೇರಿ, ಕೋಲ್ಡ್ ಸ್ಟೋರೇಜಿನ ಮೆಷಿನುಗಳು. ಬರುವ ವಿಷಯ, ನೋಡುವ. ಜಸೀಲಾಳಿಗೆ ಪ್ರತ್ಯೇಕ ಬರೆದಿದ್ದೇನೆ.

ಇತಿ,
ಉನೈಸ್

ಕ್ಯಾಸೆಟ್
ಗುರುವಾಯನಕೆರೆ, 27 ಜನವರಿ 2001

ಉನೈಸ್, ನಿನ್ನ "ನೋಡುವ" ಸಿಕ್ಕಿತು. ಮದುವೆಗೆ ಕರೆದರೂ ನೋಡುವ, ಸಾಲ ಕೇಳಿದರೂ ನೋಡುವ. ನಮ್ಮ ಊರಿನಲ್ಲಿ ಈ ಒಂದು ಮಾತು ಇಲ್ಲದಿದ್ದರೆ ಎಷ್ಟು ಜಗಳ ಆಗುತ್ತಿತ್ತೋ! ಆಗಲಿ, ನೋಡು ನೀನು. ನಾನು ಇಲ್ಲಿಯ ಕಥೆ ಹೇಳ್ತೇನೆ.

ತಕ್ಕಡಿ ಸರಿಯೇ ಉಂಟು. ಸರಿಯಾಗಿ ಇರುವುದೇ ತೊಂದರೆ.

ನಿನಗೆ ಕೊಸರು ಗೊತ್ತಲ್ಲ. ತೂಕ ಆದ ಮೇಲೆ ಮಾರುವವರು ಒಂದು ಮುಷ್ಟಿ ಅಡಿಕೆ ತೆಗೆದು ಗೋಣಿಯ ಮೇಲೆ ಹಾಕುವುದು. ಯಾರೂ ಕೇಳುವುದಿಲ್ಲ, ಯಾರೂ ಬಿಡುವುದಿಲ್ಲ. ಅದು ಬರಕತ್ತು, ವ್ಯಾಪಾರ ಪ್ರೀತಿಯಲ್ಲಿ ಮುಗಿಯಿತು ಅಂತ ಅರ್ಥ. ಹಳೆಯ ತಕ್ಕಡಿಯಲ್ಲಿ ಆ ಮುಷ್ಟಿ ಬಿದ್ದರೆ ತಟ್ಟೆ ಒಂದು ಚೂರು ಬಾಗುತ್ತಿತ್ತು, ಅಷ್ಟೆ. ಮುಳ್ಳು ಒಂದು ಸಲ ಅಲ್ಲಾಡಿ ಸುಮ್ಮನಾಗುತ್ತಿತ್ತು. ಎಷ್ಟು ಹೋಯಿತು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಆ ಬಾಗಿನಲ್ಲಿ ಎಲ್ಲ ಅಡಗಿ ಹೋಗುತ್ತಿತ್ತು.

ಈ ಯಂತ್ರ ಅಡಗಿಸುವುದಿಲ್ಲ ಮಾರಾಯ. ಮುಷ್ಟಿ ಹಾಕಿದ ಕೂಡಲೇ ಕೆಂಪು ಅಂಕಿ ಮೇಲೆ ಹೋಗ್ತದೆ.

ಕಳೆದ ವಾರ ಲೋಲಾಕ್ಷಿ ಬಂದಿದ್ದಳು, ಬೆಳ್ತಂಗಡಿ ರಸ್ತೆಯಲ್ಲಿ ಸಣ್ಣ ತೋಟ ಇರುವವಳು. ನಾನು ಅಲ್ಲೇ ಬೆಂಚಿನಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಅವಳ ಗೋಣಿ ತೂಕ ಆಯಿತು. ಅಭ್ಯಾಸಕ್ಕೆ ಒಂದು ಮುಷ್ಟಿ ಹಾಕಿದಳು. ಅಂಕಿ ಬದಲಾಯಿತು. ಅವಳು ಅಂಕಿ ನೋಡಿದಳು, ಕೈ ನೋಡಿದಳು.

"ನಿಝಾಮಣ್ಣ, ಈಗ ಬಂದದ್ದನ್ನು ಬರೆಯಿರಿ. ಮೊದಲಿನದ್ದಲ್ಲ" ಅಂದಳು.

"ಅದು ಕೊಸರು ಲೋಲಾಕ್ಷಿಯಕ್ಕ. ಕೊಸರಿಗೆ ಯಾರಾದರೂ ಬಿಲ್ ಮಾಡ್ತಾರಾ?"

"ತೂಕಕ್ಕೆ ಬಂದ ಮೇಲೆ ಅದು ಅಡಿಕೆ ಮಾರಾಯ್ರೆ. ಕೊಸರು ಎಲ್ಲಿಂದ?"

ಹಿಂದೆ ನಿಂತವರಿಗೆಲ್ಲ ಕಿವಿ ನೆಟ್ಟಗಾಯಿತು. ಅಡಿಕೆಗೆ ಬೆಲೆ ಬಿದ್ದ ವರ್ಷ ಬೇರೆ. ಒಬ್ಬ ಹೇಳ್ತಾನೆ, ಹಾಗಾದರೆ ಇಷ್ಟು ವರ್ಷ ನಮ್ಮದು ಎಷ್ಟು ಹೋಗಿರಬಹುದು ಅಂತ. ನಿಝಾಮುದ್ದೀನನ ಮುಖ ಕೆಂಪಾಯಿತು. "ನಾನು ಕೈ ಹಾಕಿ ತೆಗೆದೆನಾ? ನೀವು ಕೊಟ್ಟದ್ದಲ್ವಾ?" ಅಂದ. "ಕೊಡದಿದ್ದರೆ ನಿಮ್ಮ ಮುಖ ಹೇಗಾಗುತ್ತಿತ್ತು ಅಂತ ನಾವು ನೋಡಿದ್ದೇವೆ" ಅಂತ ಹಿಂದಿನಿಂದ ಒಂದು ಸ್ವರ ಬಂತು. ನಾನು ಚಾ ಗ್ಲಾಸ್ ಇಟ್ಟು ಹೊರಗೆ ಬಂದೆ. ಮಾತಾಡುವವನಿಗೂ ಎಲ್ಲಿ ಮಾತಾಡಬಾರದು ಅಂತ ಗೊತ್ತಿರಬೇಕು.

ಆ ದಿನದಿಂದ ಅಲ್ಲಿ ವ್ಯಾಪಾರಕ್ಕಿಂತ ವಾದ ಜಾಸ್ತಿ. ಕೆಲವರು ಕೊಸರು ಹಾಕಿ ಅದಕ್ಕೂ ದುಡ್ಡು ಕೇಳ್ತಾರೆ, ಕೆಲವರು ಹಾಕುವುದನ್ನೇ ಬಿಟ್ಟಿದ್ದಾರೆ. ನಿನ್ನೆ ನಿಝಾಮುದ್ದೀನ್ ನನ್ನ ಅಂಗಡಿಗೆ ಬಂದು ಹೇಳಿದ, "ರವೂಫಾಕ, ನನ್ನ ಉಪ್ಪನ ಕಾಲದ ಗಿರಾಕಿಗಳು ನನ್ನನ್ನು ಕಳ್ಳನ ಹಾಗೆ ನೋಡ್ತಾರೆ. ನಿಮ್ಮ ಲೈಟಿನ ತಕ್ಕಡಿ ನಿಮಗೇ ಇರಲಿ. ಬರುವ ತಿಂಗಳು ಕಳೆದ ಮೇಲೆ ಕೊಂಡು ಹೋಗಿ."

ನಾನು ಹೆದರಲಿಲ್ಲ, ಸುಳ್ಳು ಹೇಳುವುದಿಲ್ಲ. ತಕ್ಕಡಿಯ ಜೊತೆ ಜೀವನ ಕಳೆದವನು ನಾನು, ಒಂದು ಬದಿ ಇಳಿದರೆ ಇನ್ನೊಂದು ಬದಿಗೆ ಏನು ಹಾಕಬೇಕು ಅಂತ ಹುಡುಕುವುದೇ ನನ್ನ ಕೆಲಸ. ಸಿಗ್ತದೆ. ನೀನು ಅಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿರು. ನಿನ್ನ ಜಾಗ ಇಲ್ಲಿ ಉಂಟು, ಯಾರಿಗೂ ಕೊಡುವುದಿಲ್ಲ.

ಕಾಕ,
ರವೂಫ್

ಕ್ಯಾಸೆಟ್
ಗುರುವಾಯನಕೆರೆ, 18 ಮಾರ್ಚ್ 2001

ಉನೈಸ್! ನಿಂತಿತು! ತಕ್ಕಡಿ ನಿಝಾಮುದ್ದೀನನ ಅಂಗಡಿಯಲ್ಲೇ ನಿಂತಿತು ಮಾರಾಯ. ಮೊದಲು ಅದನ್ನು ಹೇಳಿಯೇ ಉಳಿದದ್ದು.

ಉಪಾಯ ನನ್ನದಲ್ಲ, ಶಂಕರಿಯಕ್ಕನದ್ದು. ನೆನಪುಂಟಲ್ಲ, ನಮ್ಮ ಉಪ್ಪನಿಗೆ ಹಬ್ಬಕ್ಕೆ ಬಾಳೆಗೊನೆ ಕಳಿಸುತ್ತಿದ್ದ ಭಟ್ಟರ ಮನೆಯವರು. ಗಂಡ ಹೋದ ಮೇಲೆ ತೋಟವೆಲ್ಲ ಅವರದ್ದೇ ಕಾರುಬಾರು, ಜೀಪಿನ ಮುಂದಿನ ಸೀಟು ಬಿಟ್ಟು ಬೇರೆ ಕಡೆ ಕೂತುಕೊಳ್ಳುವುದಿಲ್ಲ. ನಿಝಾಮುದ್ದೀನನ ಅಂಗಡಿಯಲ್ಲಿ ಅವರು ಅಡಿಕೆ ತಂದ ದಿನವೂ ಜಗಳ ಬೆಚ್ಚಗೆ ಇತ್ತು. ನಾನು ತಕ್ಕಡಿ ವಾಪಸು ತರುವುದಕ್ಕೆ ಅಂತಲೇ ಹೋಗಿದ್ದೆ, ರಿಕ್ಷಾ ಹೊರಗೆ ನಿಲ್ಲಿಸಿ.

ಶಂಕರಿಯಕ್ಕ ಗೋಣಿ ಇಡಿಸಿದರು. ಕನ್ನಡಕ ಹಾಕಿ ಅಂಕಿ ಓದಿದರು.

"ಬರೆದಾಯಿತಾ?"

"ಆಯಿತು ಅಮ್ಮ."

"ಹಾಗಾದರೆ ಅದನ್ನು ಆಫ್ ಮಾಡು."

ನಿಝಾಮುದ್ದೀನ್ ಪಾಪ, ಇವರಿಗೂ ಸಿಟ್ಟು ಬಂತು ಅಂತ ಹೆದರಿ ಸ್ವಿಚ್ ಒತ್ತಿದ. ಕೆಂಪು ಅಂಕಿ ಹೋಯಿತು. ಶಂಕರಿಯಕ್ಕ ಎರಡು ಕೈ ತುಂಬ ಅಡಿಕೆ ತೆಗೆದು ಗೋಣಿಗೆ ಹಾಕಿದರು. "ನಿನ್ನ ಅಪ್ಪನ ಕಾಲದಿಂದ ಕೊಡುವುದು ಇದು. ಇದನ್ನು ಯಂತ್ರ ಯಾಕೆ ನೋಡಬೇಕು?" ಅಂದರು.

ಲೋಲಾಕ್ಷಿಯೂ ಅಲ್ಲೇ ಇದ್ದಳು. ಅವಳು ಬಿಡ್ತಾಳಾ? "ನಿಮ್ಮದು ದೊಡ್ಡ ತೋಟ ಶಂಕರಿಯಕ್ಕ. ನಾನು ಆಫ್ ಮಾಡಿದರೂ ಕೊಡುವುದಿಲ್ಲ, ಆನ್ ಮಾಡಿದರೂ ಕೊಡುವುದಿಲ್ಲ."

"ಕೊಡಬೇಡ ಮಾರಾಯ್ತಿ. ಕೊಡಲೇಬೇಕು ಅಂತ ಇದ್ದರೆ ಅದು ಕೊಸರಾ, ಸುಂಕ ಅಲ್ವಾ?" ಅಂದರು. ಮತ್ತೆ ನನ್ನ ಕಡೆ ತಿರುಗಿ, "ರವೂಫ್ ಬ್ಯಾರಿಗಳೇ, ಆ ರಿಕ್ಷಾ ಯಾರಿಗೆ ಕಾಯ್ತಾ ಉಂಟು?" ಅಂತ ಕೇಳಿದರು. ನಾನು ರಿಕ್ಷಾದವನಿಗೆ ಹೋಗು ಅಂತ ಕೈ ಮಾಡಿದೆ.

ಈಗ ನಿಝಾಮುದ್ದೀನನ ಅಂಗಡಿಯಲ್ಲಿ ಅದೇ ಕ್ರಮ. ತೂಕ, ಬರೆಯುವುದು, ಆಫ್. ಆಮೇಲೆ ಕೊಡುವವರು ಕೊಡ್ತಾರೆ, ಕೊಡದವರು ಗೋಣಿ ಮಡಚಿಕೊಂಡು ಹೋಗ್ತಾರೆ. ಅವನಿಗೆ ನಷ್ಟ ಆಯಿತಾ ಅಂತ ಕೇಳಿದೆ. "ಸ್ವಲ್ಪ ಆಗ್ತದೆ ರವೂಫಾಕ. ಆದರೆ ಈಗ ಒಬ್ಬರು ಹಾಕಿದರೆ ಅದು ನನಗೇ ಹಾಕಿದ್ದು ಅಂತ ಗೊತ್ತಾಗ್ತದೆ" ಅಂದ. ಮೊನ್ನೆಯಿಂದ ಲೋಲಾಕ್ಷಿ ಕೂಡ ಅವನ ಅಂಗಡಿಗೇ ಬರುವುದು, ತೂಕದಲ್ಲಿ ವಾದ ಇಲ್ಲ ಅಂತ.

ಸುದ್ದಿ ಹೋಯಿತು ನೋಡು. ಬಂಟ್ವಾಳ ಪೇಟೆಯಿಂದ ಕೇಳಿ ಬಂದರು. ಫರಂಗಿಪೇಟೆಯ ಮೆಣಸಿನ ವ್ಯಾಪಾರಿ ಕೊಂಡು ಹೋದ. ಮೂಡಬಿದ್ರೆಯ ಗೇರುಬೀಜದವರು ಎರಡು ಬೇಕು ಅಂದಿದ್ದಾರೆ. ಡೀಲರ್ ಫೋನ್ ಮಾಡಿ, "ಸಾಯ್ಬ್ರೇ, ಏಜೆನ್ಸಿ ಇನ್ನು ನಿಮ್ಮದೇ" ಅಂದ. ಹೇಳಿದ್ದೆನಲ್ಲ ನಾನು!

ಇನ್ನು ನಿನ್ನದೇ ಮಾತು ಬಾಕಿ. ಯಾವಾಗ ಬರ್ತೀ?

ಕಾಕ

ದಮಾಮ್, 22 ಏಪ್ರಿಲ್ 2001

ಪ್ರೀತಿಯ ಕಾಕನಿಗೆ ಸಲಾಂ.

ಕೇಳಿ ಸಂತೋಷವಾಯಿತು. ಶಂಕರಿಯಕ್ಕನ ಮಾತಿಗೆ ರೂಮಿನಲ್ಲಿ ಎಲ್ಲರೂ ನಕ್ಕರು. ನಿಮ್ಮ ಅಂಗಡಿ ಹೀಗೆಯೇ ನಡೆಯಲಿ.

ಇಲ್ಲಿ ನಮ್ಮ ಧಣಿ ಅರಬಿ, ಇಕಾಮ, ಅಂದರೆ ಇಲ್ಲಿರುವ ಪರವಾನಗಿ, ಮುಂದುವರಿಸುವ ವಿಷಯ ಕೇಳುತ್ತಿದ್ದಾನೆ. ಜುಲೈ ಕೊನೆಯೊಳಗೆ ಹೇಳಬೇಕಂತೆ. ಮುಂದುವರಿಸಿದರೆ ಮತ್ತೆ ಎರಡು ವರ್ಷ. ಮುಂದುವರಿಸುವುದೇ ಒಳ್ಳೆಯದು ಅಂತ ಕಾಣುತ್ತದೆ. ನೀವು ಬೇಸರ ಮಾಡಿಕೊಳ್ಳಬೇಡಿ.

ಇತಿ,
ಉನೈಸ್

ಕ್ಯಾಸೆಟ್
ಗುರುವಾಯನಕೆರೆ, 16 ಜೂನ್ 2001

ಉನೈಸ್. ನಿನ್ನ ಪತ್ರವನ್ನು ಸೈನಬಳಿಗೆ ಓದಿ ಹೇಳಿದೆ. ಜಸೀಲಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅವಳಿಗೂ ಹಾಗೆಯೇ ಬರೆದಿದ್ದಿ ಅಂತ ಕಾಣ್ತದೆ, ತಟ್ಟುವ ಸದ್ದು ನಿಲ್ಲಲಿಲ್ಲ.

ನನಗೆ ಸಿಟ್ಟು ಬಂತು. "ಇಷ್ಟೆಲ್ಲ ಮಾಡಿ ಜಾಗ ಇಟ್ಟಿದ್ದೇನೆ, ಇವನಿಗೆ ಇನ್ನೇನು ಬೇಕಂತೆ?" ಅಂತ ಹೇಳಿದೆ. ಸೈನಬ ಹೇಗೆ ನೋಡಿದಳು ಗೊತ್ತುಂಟಾ, ಮೀನು ಹಳಸಿದೆ ಅಂತ ಗೊತ್ತಾದಾಗ ನೋಡ್ತಾಳಲ್ಲ, ಹಾಗೆ.

"ಜಾಗ ಉಂಟು ಜಾಗ ಉಂಟು ಅಂತೀರಲ್ಲ, ನೀವೇನು ಬಸ್ಸಿನ ಕಂಡಕ್ಟರಾ?" ಅಂದಳು. "ಮೂರು ಕ್ಯಾಸೆಟ್ ಕಳಿಸಿದಿರಿ. ಅವನು ಏನು ಕೆಲಸ ಮಾಡ್ತಾನೆ ಅಂತ ಒಂದು ಸಲ ಕೇಳಿದಿರಾ? ಅಣ್ಣ ಜಾಗ ಕೊಟ್ಟ ಅಂತ ಬೆಂಚಿನ ತುದಿಯಲ್ಲಿ ಬಂದು ಕೂರುವುದಕ್ಕೆ ಅವನು ಗಂಡಸಲ್ವಾ?"

ಆಮೇಲೆ ಎಂಟು ದಿನ ಕ್ಯಾಸೆಟ್ ಮುಟ್ಟಲಿಲ್ಲ.

ಈಗ ಮುಟ್ಟಿದ್ದು ಯಾಕೆ ಅಂದರೆ ನಿನ್ನ ಹತ್ತಿರ ಒಂದು ಕೆಲಸ ಉಂಟು. ಮಳೆ ಹಿಡಿಯಿತು. ಮಳೆ ಹಿಡಿದ ಕೂಡಲೇ ತಕ್ಕಡಿಗಳೆಲ್ಲ ಒಂದೊಂದಾಗಿ ಹುಚ್ಚು ಹಿಡಿದ ಹಾಗೆ ಆಡ್ತಾ ಇವೆ. ಖಾಲಿ ಇದ್ದರೂ ತೂಕ ತೋರಿಸ್ತದೆ. ಮೂಡಬಿದ್ರೆಯ ಎರಡರಲ್ಲಿ ಒಂದು ಸತ್ತೇ ಹೋಗಿದೆ. ಫರಂಗಿಪೇಟೆಯದ್ದನ್ನು ತೆರೆದು ನೋಡಿದರೆ ಒಳಗೆ ಇರುವೆ! ಬೆಚ್ಚಗೆ ಇರ್ತದಲ್ಲ, ಮೊಟ್ಟೆ ಸಮೇತ ಸಂಸಾರ ಹೂಡಿವೆ. ಡೀಲರನ ಹತ್ತಿರ ಹೋದರೆ ಕಂಪೆನಿಗೆ ಕಳಿಸಬೇಕು, ಮಳೆಗಾಲ ಮುಗಿದ ಮೇಲೆ ಬರಬಹುದು ಅಂತಾನೆ. ಅಲ್ಲಿಯವರೆಗೆ ವ್ಯಾಪಾರಿಗಳು ಕಾಯ್ತಾರಾ? ನಿಝಾಮುದ್ದೀನ್ ಹಳೆಯ ತಕ್ಕಡಿಯನ್ನು ಅಟ್ಟದಿಂದ ಇಳಿಸಿ ಒರೆಸಿ ಇಟ್ಟಿದ್ದಾನೆ.

ನಾನು ಸ್ಕ್ರೂ ತೆಗೆದು ಎರಡು ದಿನ ಅದರ ಎದುರು ಕೂತೆ ಉನೈಸ್. ಉಪ್ಪ ಕಲಿಸಿದ ಕೈ ಇದು. ಕಣ್ಣು ಮುಚ್ಚಿ ಹೇಳ್ತೇನೆ, ಯಾವ ಮುಳ್ಳು ಎಷ್ಟು ಸವೆದಿದೆ ಅಂತ. ಒಳಗಿನ ಆ ಹಸಿರು ಸರ್ಕ್ಯೂಟ್ ಹಲಗೆಯ ಮೇಲೆ ಬೆರಳು ಇಟ್ಟರೆ ನನ್ನ ಬೆರಳಿಗೆ ಏನೂ ಹೇಳುವುದಿಲ್ಲ ಅದು. ಮಾರುವುದು ನನಗೆ ಬರ್ತದೆ, ಮಾರಿದ್ದನ್ನು ಬದುಕಿಸುವುದು ಬರುವುದಿಲ್ಲ. ಅದು ಬರುವವನು ಈ ಮೂರು ಊರಿನಲ್ಲಿ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಒಬ್ಬ ಇದ್ದಾನೆ, ಅವನು ದಮಾಮಿನಲ್ಲಿ ಅರಬಿಯ ಫ್ರೀಜರ್ ಬದುಕಿಸ್ತಾ ಇದ್ದಾನೆ.

ಸ್ವಲ್ಪ ತಡೆ, ನಿಝಾಮುದ್ದೀನನದ್ದನ್ನು ಆನ್ ಮಾಡಿ ಟೇಪ್‌ರೆಕಾರ್ಡರ್ ಹತ್ತಿರ ಹಿಡಿತೇನೆ. ಕೇಳು.

ಟೀಂ. ಟೀಂಟೀಂ… ಟೀಂ.

ಕೇಳಿತಾ? ಮೊದಲು ಒಂದು, ಆಮೇಲೆ ಎರಡು ಒಟ್ಟಿಗೆ, ಸ್ವಲ್ಪ ತಡೆದು ಇನ್ನೊಂದು. ಅಂಕಿ ಮಾತ್ರ ಓಡ್ತಾ ಇರ್ತದೆ, ನಿಲ್ಲುವುದಿಲ್ಲ. ಇದಕ್ಕೆ ಏನು ಮಾಡುವುದು? ನನಗೆ ಗೊತ್ತಿಲ್ಲ. ನೀನು ಹೇಳು.

ರವೂಫ್

ಕ್ಯಾಸೆಟ್
ದಮಾಮ್, 29 ಜೂನ್ 2001

ಕಾಕ, ಅಸ್ಸಲಾಮು ಅಲೈಕುಂ. ಬರೆದರೆ ಅರ್ಥ ಆಗಲಿಕ್ಕಿಲ್ಲ ಅಂತ ನಾನೂ ಮಾತಾಡ್ತಾ ಇದ್ದೇನೆ. ಆ ಟೀಂ ಟೀಂ ಅನ್ನು ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದೆನೋ. ರೂಮಿನಲ್ಲಿರುವ ಅಶ್ರಫ್ ಕೇಳ್ತಾನೆ, "ಎಂತದು ಮಾರಾಯ, ಎಲ್ಲರೂ ಹಾಡು ಕೇಳ್ತಾರೆ, ನೀನು ತಕ್ಕಡಿ ಕೇಳ್ತೀ" ಅಂತ.

ಅದು ಸತ್ತಿಲ್ಲ ಕಾಕ, ಒದ್ದೆಯಾಗಿದೆ. ಹಲಗೆಯ ಅಡಿಯಲ್ಲಿ ತೂಕ ಹಿಡಿಯುವ ಒಂದು ಉಕ್ಕಿನ ತುಂಡು ಉಂಟಲ್ಲ, ಲೋಡ್ ಸೆಲ್ ಅಂತ, ಅದರ ವಯರು ಒಳಗೆ ಬರುವ ಕಡೆ ನೋಡಿ. ಅಲ್ಲಿ ನೀರಿನ ಪಸೆ ನಿಂತರೆ ಅಂಕಿ ಹೀಗೆ ಓಡ್ತದೆ. ಮೊದಲು ಪ್ಲಗ್ ತೆಗೆಯಿರಿ, ತೆಗೆಯಿರಿ ಅಂದರೆ ತೆಗೆಯಿರಿ, ನಿಮಗೆ ಆತುರ ಜಾಸ್ತಿ. ಮೆಡಿಕಲ್‌ನಿಂದ ಸ್ಪಿರಿಟ್ ತಂದು ಮೆತ್ತಗಿನ ಬ್ರಷ್‌ನಲ್ಲಿ ಒರೆಸಿ. ಆಮೇಲೆ ಒಂದು ಬಲ್ಬು ಹಚ್ಚಿ ಅದರ ಬಿಸಿಗೆ ಒಂದು ದಿನ ಇಡಿ. ಒಲೆಯ ಮೇಲೆ ಇಡಬೇಡಿ! ಇರುವೆ ಗೂಡು ಕಟ್ಟಿದ್ದರೆ ಊದಬೇಡಿ, ಮಣ್ಣು ಇನ್ನೂ ಒಳಗೆ ಹೋಗ್ತದೆ. ಒಣಗಿದ ಮೇಲೆ ವಯರು ಬರುವ ತೂತಿಗೆ ಮೇಣ ತುಂಬಿಸಿ. ಕಂಪೆನಿಯವರು ಮಾಡಿದ್ದು ಒಣ ಊರಿಗೆ ಕಾಕ, ನಮ್ಮ ಮಳೆಗೆ ಅಲ್ಲ. ನಮ್ಮಲ್ಲಿ ಮಾರುವ ಮೊದಲೇ ಪ್ರತಿಯೊಂದನ್ನೂ ತೆರೆದು ಮೇಣ ಹಾಕಿ ಕೊಡಬೇಕು. ಹಾಗೆ ಮಾಡಿದರೆ ಇರುವೆಯೂ ಒಳಗೆ ಹೋಗುವುದಿಲ್ಲ.

ಮೂಡಬಿದ್ರೆಯದ್ದು ಹೇಳುವುದಕ್ಕೆ ಆಗುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಂಪೆನಿಗೆ ಕಳಿಸಬೇಡಿ, ಹಾಗೇ ಇಡಿ.

ಮತ್ತೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕರೆಂಟಿನ ಸಾಕೆಟ್ ಎಷ್ಟುಂಟು? ಅರ್ತಿಂಗ್ ಸರಿ ಉಂಟಾ?

ಉನೈಸ್

ಕ್ಯಾಸೆಟ್
ಗುರುವಾಯನಕೆರೆ, 15 ಜುಲೈ 2001

ಉನೈಸ್, ನಿಝಾಮುದ್ದೀನನದ್ದು ಎದ್ದಿತು! ಪ್ಲಗ್ ತೆಗೆದೆ, ಆಣೆ ಹಾಕಿ ಹೇಳ್ತೇನೆ. ಸ್ಪಿರಿಟ್, ಬ್ರಷ್, ಬಲ್ಬು, ಎಲ್ಲ ನೀನು ಹೇಳಿದ ಹಾಗೆಯೇ. ಈಗ ಖಾಲಿ ಇದ್ದರೆ ಖಾಲಿ ಅಂತಲೇ ತೋರಿಸ್ತದೆ. "ರವೂಫಾಕ, ಯಾರು ರಿಪೇರಿ ಮಾಡಿದ್ದು?" ಅಂತ ಕೇಳಿದ. "ನಮ್ಮ ಉನೈಸ್" ಅಂದೆ. "ಅವನು ಬಂದನಾ?" ಅಂದ. "ಸ್ವರ ಬಂದಿದೆ" ಅಂದೆ. ಫರಂಗಿಪೇಟೆಯದ್ದು ಬಲ್ಬಿನ ಬಿಸಿಯಲ್ಲಿ ಉಂಟು. ಮೂಡಬಿದ್ರೆಯದ್ದು ಗೋಣಿ ಹೊದ್ದು ಮಲಗಿದೆ, ಯಾರೂ ಮುಟ್ಟಿಲ್ಲ.

ನಿನ್ನ ಕ್ಯಾಸೆಟನ್ನು ಮನೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಇವನು ಇಷ್ಟು ಮಾತಾಡ್ತಾನಾ ಅಂತ ಸೈನಬಳಿಗೆ ಆಶ್ಚರ್ಯ. ಜಸೀಲಾ ನಾವು ಎದ್ದ ಮೇಲೆ ಕೊನೆಯ ಸ್ವಲ್ಪವನ್ನು ಹಿಂದೆ ತಿರುಗಿಸಿ ತಿರುಗಿಸಿ ಒಬ್ಬಳೇ ಕೇಳಿದಳು, ಸಾಕೆಟ್ ಕೇಳಿದ ಕಡೆ. ಮರುದಿನ ಬೆಳಿಗ್ಗೆ ತೋಡಾರಿನ ತವರಿಗೆ ಬಸ್ಸಿನಲ್ಲಿ ಹೋಗಿ, ನೀನು ದಮಾಮಿಗೆ ಹೋಗುವಾಗ ಅಲ್ಲಿ ಬಿಟ್ಟಿದ್ದ, ಮದುವೆಗೆ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದಾಗಿನ ಟೂಲ್ ಪೆಟ್ಟಿಗೆ ತಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಅರಬಿಗೆ ಏನು ಹೇಳಿದಿ ಅಂತ ನಿನ್ನನ್ನೂ ಕೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಸಾಕೆಟ್ ಒಂದೇ ಇತ್ತು, ಅದೂ ಬಲ್ಬು ಹಚ್ಚಿದರೆ ಕಿಡಿ ಹಾರುವಂಥದ್ದು. ಅರ್ತಿಂಗ್ ಇರಲೇ ಇಲ್ಲ. ಈಗ ವಯರಿಂಗಿನ ದೇವಿಪ್ರಸಾದ್ ಬಂದು ಗೋಡೆ ಕೊರಿತಾ ಇದ್ದಾನೆ, ಆ ಸದ್ದು ನಿನಗೂ ಕೇಳ್ತಾ ಇರಬಹುದು. ಹೊರಗೆ ಗುಂಡಿ ತೋಡಿ ಅರ್ತಿಂಗಿಗೆ ಉಪ್ಪು, ಇದ್ದಲು ಹಾಕಿ ಆಯಿತು. ಉಪ್ಪನ ಹಳೆಯ ಮರದ ಮೇಜನ್ನು ಕಿಟಕಿಯ ಹತ್ತಿರ ಎಳೆದಿದ್ದೇವೆ. ಅಂಗಡಿಯ ಹೊರಗಿನ ಬೋರ್ಡಿನಲ್ಲಿ ಹೆಸರು—

"ರವೂಫಾಕ! ಈ ಸ್ವಿಚ್ ಬೋರ್ಡ್ ಎಷ್ಟು ಎತ್ತರಕ್ಕೆ ಹೊಡೆಯುವುದು? ಅವರು ಕೂತು ಕೆಲಸ ಮಾಡುವುದಾ, ನಿಂತು ಮಾಡುವುದಾ?"

ಕೇಳಿತಾ ನಿನಗೆ? ಒಂದೇ ಮನೆಯಲ್ಲಿ ಬೆಳೆದ ತಮ್ಮ, ಕೂತು ಕೆಲಸ ಮಾಡ್ತೀಯಾ ನಿಂತು ಮಾಡ್ತೀಯಾ ಅಂತ ನನಗೆ ಗೊತ್ತಿಲ್ಲ ಮಾರಾಯ. ಈ ಕ್ಯಾಸೆಟ್ ನಿನಗೆ ಮುಟ್ಟಿ ನೀನು ಹೇಳುವವರೆಗೆ ಅವನು ಏಣಿಯ ಮೇಲೆ ನಿಲ್ಲುವುದಿಲ್ಲ.

ಎರಡು ಕಡೆಯೂ ಹೊಡಿ ದೇವಿಪ್ರಸಾದ್! ಕೆಳಗೆ ಒಂದು, ಮೇಲೆ ಒಂದು!

"ಎರಡಾ? ಸರಿಯಾಗಿ ಎಲ್ಲಿ ಅಂತ ಬಂದು ತೋರಿಸಿ!"

ಬಂದೆ, ಬಂದೆ. ಇಡ್ತೇನೆ ಉನೈಸ್.